ಪುಸ್ತಕ ಹುಡುಕಿಕೊಡುವವರು

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕೋಡಿಹಳ್ಳಿಯಲ್ಲಿ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ಎಂದರೆ ಜನಕ್ಕೆ ನೆನಪಾಗುವುದು ವಿಮಾನ: ಹಂಸ, ಸಾರಸ್. ಆ ಪ್ರಯೋಗಾಲಯದೊಳಗೆ ಒಂದು ದೊಡ್ಡ ಗ್ರಂಥಾಲಯವೂ ಇದೆ, ಅಲ್ಲಿನವರು ಅದನ್ನು ಐಕಾಸ್ಟ್ ಎನ್ನುತ್ತಾರೆ. ಫೇಸ್‌ಬುಕ್ ಹುಟ್ಟುವುದಕ್ಕೆ ಒಂದು ವರ್ಷ ಮೊದಲೇ, 2003ರಲ್ಲಿ, ಈ ಗ್ರಂಥಾಲಯದವರು ತಮ್ಮ ವಿಜ್ಞಾನಿಗಳ ಪ್ರಬಂಧಗಳನ್ನೂ ತಾಂತ್ರಿಕ ವರದಿಗಳನ್ನೂ ಜಾಲಕ್ಕೆ ಏರಿಸತೊಡಗಿದರು. ಆಗ ಐಕಾಸ್ಟ್‌ನ ಮುಖ್ಯಸ್ಥರಾಗಿದ್ದವರು ಐ.ಆರ್.ಎನ್. ಗೌಡರ್. ಬಳಸಿದ ತಂತ್ರಾಂಶ ಇಪ್ರಿಂಟ್ಸ್. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟದ್ದು. ಹಿಂದಿನ ವರ್ಷವಷ್ಟೇ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಇದೇ ತಂತ್ರಾಂಶದಲ್ಲಿ ತನ್ನ ಭಂಡಾರವನ್ನು ತೆರೆದಿತ್ತು.

ಕಡತವೊಂದನ್ನು ಜಾಲಕ್ಕೆ ಏರಿಸುವುದು ಯಾರಿಗೂ ಕಷ್ಟವಲ್ಲ. ಕಷ್ಟವಿರುವುದು ಅದರ ಮುಂಚಿನ ಕೆಲಸದಲ್ಲಿ. ಪ್ರಬಂಧ ಅಚ್ಚಾದ ಮೇಲೆ ವಿಜ್ಞಾನಿ ಅದನ್ನು ಮರೆತು ಮುಂದಿನದಕ್ಕೆ ಹೋಗಿರುತ್ತಾರೆ. ಅವರ ಬೆನ್ನು ಹತ್ತಿ ಪ್ರತಿ ಪಡೆಯಬೇಕು. ಪ್ರಕಾಶಕರು ಯಾವ ಕರಡನ್ನು ಹಾಕಲು ಒಪ್ಪುತ್ತಾರೆ ಎಂದು ನೋಡಬೇಕು. ಲೇಖಕ, ವರ್ಷ, ವಿಷಯ, ಹುಡುಕುಪದ ಎಲ್ಲವನ್ನೂ ಒಂದೇ ಪದ್ಧತಿಯಲ್ಲಿ ತುಂಬಬೇಕು. ಹಾಗೆ ತುಂಬಿದಾಗಲೇ ದೂರದ ದೇಶದ ವಿದ್ಯಾರ್ಥಿಯೊಬ್ಬ ರೆಕ್ಕೆಯ ಬಿರುಕಿನ ಬಗ್ಗೆ ಹುಡುಕಿದರೆ ಕೋಡಿಹಳ್ಳಿಯ ವರದಿ ಅವನ ಮುಂದೆ ಬರುತ್ತದೆ. ಓದುಗನಿಗೆ ಪುಸ್ತಕ ಸಿಗಬೇಕು, ಪುಸ್ತಕಕ್ಕೆ ಓದುಗ ಸಿಗಬೇಕು ಎಂಬ ಎರಡನ್ನೂ 1931ರಲ್ಲೇ ಶಾಸ್ತ್ರವಾಗಿಸಿದವರು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್. 1962ರಲ್ಲಿ ಅವರು ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವನ್ನು ಸ್ಥಾಪಿಸಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರ ಮಾತನ್ನು ಜಾಲಯುಗ ಹಳೆಯದಾಗಿಸಿಲ್ಲ, ಇನ್ನಷ್ಟು ತುರ್ತಾಗಿಸಿದೆ ಅಂತಲೇ ನನ್ನ ನಂಬಿಕೆ.

ಇಂಗ್ಲಿಷಿನ ವಿಜ್ಞಾನಕ್ಕೆ ಈ ಭಾಗ್ಯ ಬೇಗ ಬಂತು. ಕನ್ನಡದ ಪುಸ್ತಕಗಳಿಗೆ ಬರಲಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಆದರೆ ಶೀರ್ಷಿಕೆ, ಲೇಖಕರ ಹೆಸರು ಎಲ್ಲವೂ ರೋಮನ್ ಅಕ್ಷರದಲ್ಲಿ, ಟೈಪಿಸಿದವರಿಗೆ ತೋಚಿದ ಹಾಗೆ. ಕಾರಂತರ ಹೆಸರಿನ ಕೊನೆಗೆ ಒಬ್ಬರು ‘ಟಿ’ ಮಾತ್ರ ಹಾಕಿದರೆ ಇನ್ನೊಬ್ಬರು ‘ಟಿಎಚ್’ ಹಾಕುತ್ತಾರೆ. ದೀರ್ಘಕ್ಕೆ ಒಂದು ‘ಎ’ಯೋ ಎರಡು ‘ಎ’ಯೋ? ಕನ್ನಡದಲ್ಲಿ ಹುಡುಕಿದವರಿಗೆ ಏನೂ ಸಿಗದು. ಪುಸ್ತಕ ಇತ್ತು, ಓದುಗರಿದ್ದರು, ನಡುವೆ ಸೂಚಿ ಇರಲಿಲ್ಲ. ಕನ್ನಡ ಸಂಚಯ ಎಂಬ ಬಳಗದ ಓಂಶಿವಪ್ರಕಾಶ್ ಮತ್ತು ಗೆಳೆಯರು ‘ಪುಸ್ತಕ ಸಂಚಯ’ವನ್ನು ಕಟ್ಟಿದ್ದು ಈ ಕೊರತೆಗೆ. ಡಿಜಿಟಲ್ ಲೈಬ್ರರಿ ಯೋಜನೆಯ ಮತ್ತು ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಗ್ರಹದ ಕನ್ನಡ ಪುಸ್ತಕಗಳ ಹೆಸರುಗಳನ್ನು ಸ್ವಯಂಸೇವಕರು ಒಂದೊಂದಾಗಿ ಕನ್ನಡ ಲಿಪಿಗೆ ತಂದರು. ಗ್ರಂಥಪಾಲಕರು ಮಾಡಬೇಕಿದ್ದ ಕೆಲಸವನ್ನು ಓದುಗರೇ ಹೊತ್ತರು. ಡಿಜಿಟಲ್ ಲೈಬ್ರರಿಯ ಆ ತಾಣ ಈಗಿಲ್ಲ, ಪುಸ್ತಕಗಳು ಬಹುಪಾಲು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿವೆ.

ಇಂದಿರಾನಗರದ ಪಕ್ಕದ ದೊಮ್ಮಲೂರಿನಲ್ಲಿ ಇದೇ ಕಥೆಯ ಇನ್ನೊಂದು ಅಧ್ಯಾಯ ನಡೆಯಿತು. ಅಲ್ಲಿ ಕಚೇರಿ ಮಾಡಿದ್ದ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ 2012ರಿಂದ ಭಾರತೀಯ ಭಾಷೆಗಳ ವಿಕಿಪೀಡಿಯಕ್ಕೆ ಬೆಂಬಲ ಕೊಡತೊಡಗಿತು. ಕನ್ನಡ ಗಣಕ ಲೋಕಕ್ಕೆ ಚಿರಪರಿಚಿತರಾದ ಯು.ಬಿ. ಪವನಜ ಅಲ್ಲಿ ಕೆಲವು ವರ್ಷ ಕೆಲಸ ಮಾಡಿದರು. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಗೆ ಒಪ್ಪಿಸಿತು. ಅದೇ ವರ್ಷ, ಕಾದಂಬರಿಕಾರ ನಿರಂಜನರ 90ನೆಯ ಹುಟ್ಟುಹಬ್ಬದ ಹೊತ್ತಿಗೆ, ಅವರ ಕುಟುಂಬ 55 ಕೃತಿಗಳನ್ನು ಹಾಗೆಯೇ ಬಿಟ್ಟುಕೊಟ್ಟಿತು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿದ 60 ವರ್ಷದ ತನಕ ಹಕ್ಕು ಉಳಿಯುತ್ತದೆ. ನಿರಂಜನ ತೀರಿಕೊಂಡದ್ದು 1992ರಲ್ಲಿ. ಕುಟುಂಬ ಮನಸ್ಸು ಮಾಡದಿದ್ದರೆ ಆ ಪುಸ್ತಕಗಳು ಎಲ್ಲರ ಸೊತ್ತಾಗಲು 2053ರವರೆಗೆ ಕಾಯಬೇಕಿತ್ತು.

ಹೀಗೆ ಮುಕ್ತವಾದ ಪುಸ್ತಕಗಳು ಹೋಗಿ ಸೇರುವುದು ವಿಕಿಪೀಡಿಯದ ಸೋದರ ತಾಣವಾದ ವಿಕಿಸೋರ್ಸ್‌ಗೆ. ಅಲ್ಲಿನ ಕ್ರಮ ನನಗೆ ತುಂಬ ಹಿಡಿಸುತ್ತದೆ. ಎಡಕ್ಕೆ ಅಚ್ಚಿನ ಪುಟವನ್ನು ಯಂತ್ರ ಓದಿ ಕೊಟ್ಟ ಅಕ್ಷರಗಳು, ಬಲಕ್ಕೆ ಮೂಲದ ಚಿತ್ರ. ಯಾರೂ ಮುಟ್ಟದ ಪುಟ ಕೆಂಪು. ಒಬ್ಬರು ತಿದ್ದಿದರೆ ಹಳದಿ. ಬೇರೆ ಒಬ್ಬರು ಮತ್ತೆ ನೋಡಿ ಒಪ್ಪಿದರೆ ಹಸಿರು. ಒತ್ತಕ್ಷರದಲ್ಲಿ ಯಂತ್ರ ಎಡವುವುದು ಹೆಚ್ಚು, ಹಾಗಾಗಿ ಕನ್ನಡಕ್ಕೆ ಈ ಎರಡು ಜೊತೆ ಕಣ್ಣು ಬೇಕೇ ಬೇಕು. ಬದುಕಿರುವ ಲೇಖಕರ ಪುಸ್ತಕದ ಪಿಡಿಎಫ್ ಅನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚುವವರೂ ತಮ್ಮ ಕೆಲಸವನ್ನು ಪುಸ್ತಕ ಸೇವೆ ಎನ್ನುತ್ತಾರೆ. ಅದು ಸೇವೆಯಲ್ಲ. ಯಾವುದು ಮುಕ್ತ, ಯಾವುದು ಅಲ್ಲ ಎಂದು ಹೇಳಬಲ್ಲ ಗ್ರಂಥಪಾಲಕರು ಆ ಗುಂಪಿನಲ್ಲಿ ಇರಬೇಕು, ಮಾತಾಡಬೇಕು.

ಬೆಂಗಳೂರಿನ ದಂಡು ಪ್ರದೇಶಕ್ಕೂ ಅದರಾಚೆಯ ಬಡಾವಣೆಗಳಿಗೂ ಇನ್ನೊಂದು ಸೂಕ್ಷ್ಮವಿದೆ. ಶಿವಾಜಿನಗರದ ಮಗುವಿನ ಮನೆಮಾತು ಉರ್ದು ಇರಬಹುದು, ಹಲಸೂರಿನದು ತಮಿಳು, ಕೆ.ಆರ್. ಪುರದ ಕಡೆ ತೆಲುಗು; ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ಒಂದು ಬಡಾವಣೆಯ ಗ್ರಂಥಾಲಯ ಇಷ್ಟು ಭಾಷೆಗಳ ಮಕ್ಕಳ ಪುಸ್ತಕವನ್ನು ಕೊಂಡು ತುಂಬಲಾರದು. ಬಾಣಸವಾಡಿಯ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದು, ತೆರೆದ ಸ್ಟೋರಿವೀವರ್ ತಾಣ ಇದಕ್ಕೆ ಸರಿಯಾದ ಉತ್ತರ. ಸುಮಾರು 800 ಕಥೆಗಳಿಂದ ಶುರುವಾಯಿತು. ಅದೇ ಚಿತ್ರ, ಅದೇ ಕಥೆ; ಭಾಷೆ ಮಾತ್ರ ಮಗುವಿನದು. ಬೇಕಾದ ಭಾಷೆಯಲ್ಲಿ ಇಲ್ಲವೆಂದರೆ ಯಾರು ಬೇಕಾದರೂ ಅನುವಾದಿಸಿ ಸೇರಿಸಬಹುದು, ಮುದ್ರಿಸಿ ಹಂಚಬಹುದು. ನಾಲ್ಕು ಓದುಮಟ್ಟಗಳಾಗಿ ವಿಂಗಡಿಸಿರುವುದರಿಂದ ಮಗುವಿಗೆ ತಕ್ಕ ಕಥೆ ಆರಿಸುವುದೂ ಸುಲಭ.

ಸರ್ಕಾರವೂ ಸುಮ್ಮನಿಲ್ಲ. ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿತು. ಮೊಬೈಲಿನಲ್ಲೇ ನೋಂದಾಯಿಸಿಕೊಂಡು ಓದಬಹುದು. ಅದೇ ವರ್ಷ ಗ್ರಾಮೀಣಾಭಿವೃದ್ಧಿ ಇಲಾಖೆಯ ‘ಓದುವ ಬೆಳಕು’ ಅಭಿಯಾನ ಹಳ್ಳಿಯ ಮಕ್ಕಳನ್ನು ಪಂಚಾಯಿತಿ ಗ್ರಂಥಾಲಯಗಳಿಗೆ ಉಚಿತ ಸದಸ್ಯರನ್ನಾಗಿಸಿತು. ಈಗ ಅರಿವು ಕೇಂದ್ರ ಎನಿಸಿಕೊಂಡಿರುವ ಪಂಚಾಯಿತಿ ಗ್ರಂಥಾಲಯಗಳು ನಾಡಿಗೆ ಗೊತ್ತಾದದ್ದರಲ್ಲಿ ಸಾಮಾಜಿಕ ಜಾಲತಾಣದ ಪಾಲು ದೊಡ್ಡದು. ಆ ಇಲಾಖೆಯಲ್ಲಿದ್ದ ಉಮಾ ಮಹದೇವನ್ ಟ್ವಿಟರ್‌ನಲ್ಲಿ ಇವುಗಳ ಚಿತ್ರಗಳನ್ನು ಹಂಚುತ್ತ ಬಂದರು. ಗೋಡೆಗೆ ಬಣ್ಣ ಬಳಿದ, ಚಾಪೆ ಹಾಸಿ ಮಕ್ಕಳನ್ನು ಕೂರಿಸಿದ ಮೇಲ್ವಿಚಾರಕರ ಕೆಲಸವನ್ನು ನಾಡು ನೋಡಿತು.

ನಗರದ ಶಾಖಾ ಗ್ರಂಥಾಲಯಗಳಿಗೂ ಇಂಥ ಬೆಳಕು ಬೇಕು. ಆಸ್ತಿ ತೆರಿಗೆಯ ಜೊತೆ ನಾವು ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಹಲಸೂರಿನ ಕಪಾಟಿನಲ್ಲಿ ಯಾವ ಪುಸ್ತಕವಿದೆ ಎಂದು ಇಂದಿರಾನಗರದಲ್ಲಿ ಕೂತು, ಕನ್ನಡದಲ್ಲೇ ಟೈಪಿಸಿ, ನೋಡುವಂತಿರಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಮಾಡಿಟ್ಟ ಪಟ್ಟಿ ಜಾಲದ ಹುಡುಕಾಟಕ್ಕೆ ಸಿಗದು, ಯೂನಿಕೋಡ್‌ಗೆ ಬದಲಾಯಿಸಲೇಬೇಕು. ಕೋಹಾದಂಥ ಉಚಿತ ಗ್ರಂಥಾಲಯ ತಂತ್ರಾಂಶ 2000ದಿಂದಲೇ ಬಳಕೆಯಲ್ಲಿದೆ, ಯೂನಿಕೋಡ್ ಕನ್ನಡ ಅದಕ್ಕೆ ಒಗ್ಗುತ್ತದೆ. ಆಮೇಲೆ ಬೇಕಾದದ್ದು ಸೂಚಿ ಮಾಡಬಲ್ಲ, ಕಾಯಂ ನೇಮಕದ ಗ್ರಂಥಪಾಲಕರು.

ಇಲಾಖೆಯನ್ನು ಕಾಯದೆ ಶುರುಮಾಡಬಹುದಾದ ಒಂದು ಕೆಲಸವೂ ಇದೆ. 2016ರಿಂದ ಪ್ರತಿವರ್ಷ ಜಗತ್ತಿನ ಗ್ರಂಥಪಾಲಕರು ಒಬ್ಬೊಬ್ಬರೂ ವಿಕಿಪೀಡಿಯದ ಲೇಖನಕ್ಕೆ ಒಂದು ಆಧಾರವನ್ನಾದರೂ ಸೇರಿಸುವ ಅಭಿಯಾನ ನಡೆಸುತ್ತಾರೆ, ಜನವರಿ 15ರಿಂದ. ಹಲಸೂರು ಸೋಮೇಶ್ವರ ದೇವಾಲಯದ ಬಗ್ಗೆಯೋ ದಂಡು ಪ್ರದೇಶದ ಇತಿಹಾಸದ ಬಗ್ಗೆಯೋ ಕನ್ನಡದ ಲೇಖನ ತೆರೆದು, ತಮ್ಮ ಕಪಾಟಿನ ಪುಸ್ತಕದ ಹೆಸರು, ಪುಟಸಂಖ್ಯೆ ಕೊಟ್ಟರೆ ಸಾಕು. ಓದುಗರೂ ಪಕ್ಕದಲ್ಲಿ ಕೂತು ಕೈಜೋಡಿಸಬಹುದು.