ಪಹಣಿ ಮನೆಯಲ್ಲೇ ಇರಲಿ

ಸಿಇಟಿಯಲ್ಲಿ ಸೀಟು ಸಿಕ್ಕ ಖುಷಿ ಆರುವ ಮೊದಲೇ ಅಪ್ಪಂದಿರು ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆ. ಕಂಕುಳಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ನಾಲ್ಕು ಮಡಿಕೆಯ ಪಹಣಿ. ಶಿಕ್ಷಣ ಸಾಲ ಅಂದರೆ ಜಮೀನು ಅಡ ಇಡಲೇಬೇಕು ಎಂಬ ನಂಬಿಕೆ ಅಷ್ಟು ಗಟ್ಟಿ.

ಇಡಬೇಕಿಲ್ಲ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 7.5 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಅಡಮಾನವೂ ಬೇಡ, ಹೊರಗಿನವರ ಜಾಮೀನೂ ಬೇಡ. 4 ಲಕ್ಷದವರೆಗಾದರೆ ಕೈಯಿಂದ ಹಾಕುವ ಮಾರ್ಜಿನ್ ಹಣವೂ ಇಲ್ಲ. ತಂದೆಯೋ ತಾಯಿಯೋ ಸಹ-ಸಾಲಗಾರರಾಗಿ ಸಹಿ ಹಾಕಬೇಕು. (ಆ ಸಹಿ ಬರೀ ಸಾಕ್ಷಿಯದ್ದಲ್ಲ. ಮಗ ಕಟ್ಟದಿದ್ದರೆ ಕಟ್ಟಬೇಕಾದವರು ನೀವೇ.) ಇದೆಲ್ಲ ಮೆರಿಟ್ ಸೀಟಿನ ಮಾತು, ಮ್ಯಾನೇಜ್‌ಮೆಂಟ್ ಕೋಟಾದ ಲೆಕ್ಕ ಬೇರೆ.

ಇದಕ್ಕಿಂತ ದುಬಾರಿ ಬೀಳುವ ನಂಬಿಕೆ ಇನ್ನೊಂದಿದೆ: ‘ಓದು ಮುಗಿಯೋವರೆಗೂ ಬಡ್ಡಿ ಇಲ್ವಂತೆ’. ಇಲ್ಲದ್ದು ಕಂತು, ಬಡ್ಡಿಯಲ್ಲ. ಎಂಜಿನಿಯರಿಂಗಿಗೆ ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ ಎತ್ತಿದಿರಿ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಕೋರ್ಸು ಮುಗಿದ ಮೇಲೂ ಒಂದು ವರ್ಷ ವಿನಾಯಿತಿ ಉಂಟು. ಅಲ್ಲಿಗೆ ಮೊದಲ ಲಕ್ಷಕ್ಕೆ 50 ಸಾವಿರ ಬಡ್ಡಿ, ಆಮೇಲಿನವಕ್ಕೆ 40, 30, 20 ಸಾವಿರ. ಮೊದಲ ಕಂತು ಕಟ್ಟುವ ದಿನ ಸಾಲ 4 ಲಕ್ಷವಲ್ಲ, 5.4 ಲಕ್ಷ! ಮೊದಲ ವರ್ಷದಿಂದಲೇ ಬಡ್ಡಿಯನ್ನಷ್ಟೇ ಕಟ್ಟುತ್ತ ಬಂದರೆ ಈ ಹೊರೆ ಬೆಳೆಯುವುದಿಲ್ಲ. ಆರಂಭದಲ್ಲಿ ಅದು ತಿಂಗಳಿಗೆ ಸುಮಾರು 830 ರೂಪಾಯಿ.

ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಕಾಲೇಜಿನಲ್ಲಿ ವೃತ್ತಿಪರ ಕೋರ್ಸಿಗೆ ಸೇರಿದ್ದರೆ ಈ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯಿದೆ. ಆದರೆ ಅದು ತಾನಾಗಿ ಬರುವುದಿಲ್ಲ. ಆದಾಯ ಪ್ರಮಾಣಪತ್ರ ಕೊಟ್ಟು ಕೇಳಿ ಪಡೆಯಬೇಕು. ನಾಡಕಚೇರಿಗೆ ಒಂದು ದಿನ ಹೋಗಿಬರಲು ಬೇಸರಪಟ್ಟು 1.4 ಲಕ್ಷ ಕಳೆದುಕೊಳ್ಳುವುದು ಯಾವ ಜಾಣತನ?

ಸಿಇಟಿಯ ಎಸ್‌ಎನ್‌ಕ್ಯೂ ಸೀಟಿನ ಬಗ್ಗೆಯೂ ಒಂದು ಮಾತು. ಅದು ಜಾತಿಯ ಕೋಟಾ ಅಲ್ಲ. ಆದಾಯ ನೋಡಿ ಬೋಧನಾ ಶುಲ್ಕ ಮನ್ನಾ ಮಾಡುವ ಹೆಚ್ಚುವರಿ ಸೀಟು. ಹಾಗೆಂದು ಪೂರ್ತಿ ಉಚಿತವೂ ಅಲ್ಲ, ಉಳಿದ ಶುಲ್ಕ ಕಟ್ಟಲೇಬೇಕು.

ಇಷ್ಟಾದ ಮೇಲೂ ಕೌಂಟರಿನಲ್ಲಿ ‘ಜಮೀನಿನ ಪತ್ರ ತನ್ನಿ, ನೋಡೋಣ’ ಎಂದರೆ ಜಗಳ ಬೇಡ. ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ, ಸಾಲ ಇಲ್ಲವೆಂದಾದರೆ ಕಾರಣವನ್ನು ಬರೆದುಕೊಡಿ ಎಂದು ಕೇಳಿ.