ಕ್ಯಾಸೆಟ್ ಕಂಪನಿ ಕೊಳ್ಳಲು ಹೋದೆವು

ಮಣಿಪಾಲದ ಟೈಗರ್ ಸರ್ಕಲ್ ಹತ್ತಿರ ಚಾ ಕುಡೀತಾ ಇದ್ದಾಗ ನನ್ನ ಗೆಳೆಯನಿಗೆ ಆ ಐಡಿಯಾ ಬಂತು. "ಹಳೇ ಕ್ಯಾಸೆಟ್ ಕಂಪನಿ ಒಂದನ್ನು ನಾವೇ ತಗೊಳ್ಳುವ ಮಾರಾಯ. ಯಕ್ಷಗಾನ, ತಾಳಮದ್ದಳೆ ಎಲ್ಲ ಆ್ಯಪಿಗೆ ಹಾಕುವ. ಅವರಿಗೆ ಟೆಕ್ನಾಲಜಿ ಗೊತ್ತಿಲ್ಲ, ನಮಗೆ ಗೊತ್ತುಂಟು." ಇಬ್ಬರೂ ಸಾಫ್ಟ್‌ವೇರಿನವರು, ಮೂವತ್ತರ ಆಸುಪಾಸು. ಈ ವಯಸ್ಸಲ್ಲಿ ಜಗತ್ತಿನ ಎಲ್ಲ ವ್ಯವಹಾರವೂ ಯಾರೋ ಕೆಟ್ಟದಾಗಿ ಬರೆದ ಕೋಡ್ ಥರ ಕಾಣ್ತದೆ.

ಇದೇ ಧೈರ್ಯದಲ್ಲಿ ದೊಡ್ಡವರೂ ಹೋಗಿದ್ದಾರೆ. ಅಜ್ಜನ ಕಾಲದ ರೆಕಾರ್ಡುಗಳ ಮೇಲೆ ನಾಯಿ ಕೂತಿರುವ ಎಚ್‌ಎಂವಿ ಗುರುತು ನೋಡಿದ್ದೀರಲ್ಲ, ಅದರ ಮೂಲ ಕಂಪನಿ ಇಎಂಐ. 2007ರಲ್ಲಿ ಬ್ರಿಟನ್ನಿನ ಟೆರ್ರಾ ಫರ್ಮಾ ಎಂಬ ಹೂಡಿಕೆ ಸಂಸ್ಥೆ ಅದನ್ನು ಸುಮಾರು 420 ಕೋಟಿ ಪೌಂಡಿಗೆ ಕೊಂಡಿತು. ಮರುವರ್ಷ ಗೂಗಲ್‌ನಲ್ಲಿ ಸಿಐಒ ಆಗಿದ್ದ ಡಗ್ಲಾಸ್ ಮೆರಿಲ್ ಅವರನ್ನು ಡಿಜಿಟಲ್ ವಿಭಾಗಕ್ಕೆ ಕರೆತಂದರು. ಸುಮಾರು ಒಂದು ವರ್ಷಕ್ಕೆ ಅವರೂ ಹೊರಟರು. ರೇಡಿಯೋಹೆಡ್ ಬ್ಯಾಂಡ್ ಅಷ್ಟರಲ್ಲೇ ಕೈಬಿಟ್ಟು, ಹೊಸ ಆಲ್ಬಮ್ಮನ್ನು "ಇಷ್ಟ ಬಂದಷ್ಟು ಕೊಡಿ" ಎಂದು ತಾನೇ ನೆಟ್ಟಿನಲ್ಲಿ ಮಾರಿತ್ತು. 2011ರಲ್ಲಿ ಸಾಲ ಕೊಟ್ಟಿದ್ದ ಸಿಟಿ ಗ್ರೂಪ್ ಕಂಪನಿಯನ್ನೇ ವಶಕ್ಕೆ ತಗೊಂಡಿತು.

ನಮ್ಮ ದೇಶದ ಎಚ್‌ಎಂವಿ 1980ರ ದಶಕದಲ್ಲೇ ಗೋಯೆಂಕಾ ಸಮೂಹದ ಕೈಗೆ ಬಂದಿತ್ತು. ಅದೇ ಈಗಿನ ಸರೆಗಮ. 2017ರಲ್ಲಿ ಎಲ್ಲರೂ ಆ್ಯಪ್ ಆ್ಯಪ್ ಅಂತಿದ್ದಾಗ ಅವರು 5000 ಹಾಡು ತುಂಬಿದ, ಹಳೇ ರೇಡಿಯೋದಂಥ ಕಾರ್ವಾನ್ ಪೆಟ್ಟಿಗೆ ತಂದರು. ಕಾಪುವಿನಲ್ಲಿರುವ ನನ್ನ ಸೋದರಮಾವನಿಗೆ ಅಷ್ಟು ಸಾಕು. ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಆ್ಯಪನ್ನು 2024ರಲ್ಲಿ ಮುಚ್ಚಿತು. ಮಾವನ ಪೆಟ್ಟಿಗೆ ಇನ್ನೂ ಹಾಡ್ತಾ ಉಂಟು.

ಇಷ್ಟೆಲ್ಲ ಗೊತ್ತಿದ್ದೂ ಒಂದು ಭಾನುವಾರ ಕಾರ್ಕಳಕ್ಕೆ ಹೋದೆವು. ಹಿಂದೆ ಯಕ್ಷಗಾನದ ಕ್ಯಾಸೆಟ್ ಮಾಡಿಸಿ ಮಾರುತ್ತಿದ್ದ ಹಿರಿಯರೊಬ್ಬರು ಅಲ್ಲಿದ್ದಾರೆ. ಅಟ್ಟದಿಂದ ಎರಡು ರಟ್ಟಿನ ಪೆಟ್ಟಿಗೆ ಇಳಿಸಿ, "ಕೊಳ್ಳಲಿಕ್ಕೆ ಎಂತ ಉಂಟು ಇದರಲ್ಲಿ?" ಅಂದರು. ಗೆಳೆಯ ಕರಾರುಪತ್ರ ಕೇಳಿದ. "ಕಾಗದ ಎಂತದೂ ಇಲ್ಲ. ಭಾಗವತರಿಗೆ ಒಮ್ಮೆ ಕೈಯಲ್ಲಿ ಕೊಟ್ಟದ್ದು, ಊಟ ಹಾಕಿದ್ದು."

ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ. 1988ರ ಕ್ಯಾಸೆಟ್ ಅಂದ್ರೆ 2048 ಮುಗಿಯುವವರೆಗೆ. ಹಕ್ಕು ಬದುಕಿದೆ, ಯಾರದ್ದು ಅಂತ ತೋರಿಸುವ ಕಾಗದ ಇಲ್ಲ. ನಾವು ಕೊಳ್ಳಹೊರಟದ್ದು ಅದನ್ನೇ!

"ನಿಮ್ಮ ಆ್ಯಪಿನಲ್ಲಿ ದುಡ್ಡು ಹೇಗೆ ಬರ್ತದೆ?" ಎಂದು ಅವರು ಕೇಳಿದರು. ಸ್ಪಾಟಿಫೈ ಲೆಕ್ಕ ಹೇಳಿದೆ. 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಹಾಗೆ. 12 ತಿಂಗಳಲ್ಲಿ 1000 ಸಲವೂ ಆಗದಿದ್ದರೆ ಆ ಟ್ರ್ಯಾಕಿಗೆ ದುಡ್ಡಿಲ್ಲ.

"ಹಾಗಾದ್ರೆ ಅರ್ಧ ಗಂಟೆ ಅರ್ಥ ಹೇಳಿದವರಿಗೂ ಒಂದೇ, ಅರ್ಧ ನಿಮಿಷದವರಿಗೂ ಒಂದೇ?"

ಹೌದು ಅಂದೆ. ಗೆಳೆಯ ಮೆಲ್ಲಗೆ, "ತುಂಡು ತುಂಡು ಮಾಡಿ ಹಾಕಬಹುದು" ಅಂದ. ಹಿರಿಯರು ಸಿಟ್ಟಾಗ್ತಾರೆ ಅಂದುಕೊಂಡೆ. ಅವರು ನಕ್ಕರು. "ಬೆಳಗಿನವರೆಗೆ ಆಗುವ ಆಟವನ್ನು 60 ನಿಮಿಷಕ್ಕೆ ಇಳಿಸಿದವರು ನಾವು. ತುಂಡು ಮಾಡಿದ್ದರಲ್ಲಿ ನಾವೇ ನಿಮಗೆ ಗುರುಗಳು."

ಅಪ್‌ಲೋಡ್ ಮಾಡುವ ಫಾರ್ಮನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದೆವು. ನಾವೇ ಮಾಡಿದ್ದು, 'ಕಲಾವಿದ' ಅಂತ ಒಂದೇ ಖಾನೆ. ಭಾಗವತರನ್ನು ಬರೆದರೆ ಅರ್ಥಧಾರಿಗಳು ಎಲ್ಲಿ? ಮದ್ದಳೆ, ಚೆಂಡೆ? ಪ್ರಸಂಗ ಬರೆದ ಕವಿ? ನಾನು ಹುಟ್ಟುವ ಮೊದಲೇ, 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದ ಕಾಳಿಂಗ ನಾವಡರ ಪದ ನನಗೆ ಗೊತ್ತಿರುವುದೇ ಕ್ಯಾಸೆಟ್ಟಿನಿಂದ. ಅದಕ್ಕೆ ಮದ್ದಳೆ ಬಾರಿಸಿದವರು ಯಾರು ಅಂತ ಒಂದು ದಿನವೂ ಕೇಳಿದವನಲ್ಲ ನಾನು.

ಕಂಪನಿ ಕೊಳ್ಳುವ ಮಾತು ಅಲ್ಲಿಗೆ ನಿಂತಿದೆ. ಈಗ ಭಾನುವಾರಗಳಲ್ಲಿ ಡಬ್ಬಿಯೊಳಗಿನ ಕಾಗದ ನೋಡಿ ಎಕ್ಸೆಲ್‌ನಲ್ಲಿ ಹೆಸರು ತುಂಬಿಸ್ತಿದ್ದೇವೆ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಕ್ಯಾಸೆಟ್ ಇದ್ದರೆ ಆ ಕಾಗದದ ಫೋಟೊ ಒಂದು ತೆಗೆದಿಡಿ. ಇದುವರೆಗೆ ಹದಿನೇಳು ಆಗಿದೆ, ನಾಲ್ಕರಲ್ಲಿ ಚೆಂಡೆಯವರ ಹೆಸರಿರಲಿಲ್ಲ. ಮೊನ್ನೆ ರಾತ್ರಿ ಹತ್ತೂವರೆಗೆ ಹಿರಿಯರ ಫೋನ್ ಬಂತು: "ಒಬ್ಬರದ್ದು ನೆನಪಾಯ್ತು. ಪೆನ್ನು ಉಂಟಾ ಕೈಯಲ್ಲಿ?"