ನೀರೊಳಗಿನ ಊರಿಗೊಂದು ಗುರುತು

ಎಲ್ಲಮ್ಮನ ಗುಡ್ಡಕ್ಕೆ ಹೋದಾಗಲೆಲ್ಲ ನಮ್ಮಜ್ಜಿ ರೇಣುಕಾಸಾಗರದ ಹಿನ್ನೀರಿನತ್ತ ಕೈ ಮಾಡಿ, ‘ಅಲ್ಲಿ ನೋಡವಾ, ಆ ನೀರಿನ್ಯಾಗ ನಮ್ಮ ಮನಿ ಐತಿ’ ಎನ್ನುತ್ತಿದ್ದಳು. ನನಗೆ ಕಾಣುತ್ತಿದ್ದುದು ಬರೀ ನೀರು. 1970ರ ದಶಕದಲ್ಲಿ ನವಿಲುತೀರ್ಥದ ಬಳಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ ಮುಳುಗಿದ ಹಳ್ಳಿಗಳಲ್ಲಿ ಅವಳ ತವರೂ ಒಂದು. ಊರು ಮುಳುಗುವುದೆಂದರೇನು ಎಂಬುದು ನನಗೆ ತಿಳಿದದ್ದು ಸವದತ್ತಿಯಲ್ಲಲ್ಲ, ದೂರದ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ.

ಸ್ಪರ್ಧಾತ್ಮಕ ಪರೀಕ್ಷೆ ಬರೆಯಲು ಹಾಸನಕ್ಕೆ ಹೋಗಿದ್ದೆ. ಪೇಪರ್ ಅಷ್ಟಕ್ಕಷ್ಟೇ ಆಗಿತ್ತು. ಮರುದಿನ ಗೆಳತಿಯೊಬ್ಬಳು, ‘ಬೇಜಾರು ಬಿಡು, ಮುಳುಗುವ ಚರ್ಚ್ ತೋರಿಸ್ತೀನಿ ಬಾ’ ಎಂದು ಕರೆದೊಯ್ದಳು. ಹಾಸನದಿಂದ ಸುಮಾರು 20 ಕಿ.ಮೀ. ದಾರಿ. ಬೇಸಿಗೆಯಾದ್ದರಿಂದ ಹೇಮಾವತಿಯ ಹಿನ್ನೀರು ಹಿಂದೆ ಸರಿದಿತ್ತು. ಬಿರುಕು ಬಿಟ್ಟ ಕೆಸರುನೆಲದ ಮೇಲೆ ಚಾವಣಿಯಿಲ್ಲದ ಎತ್ತರದ ಗೋಡೆಗಳು ನಿಂತಿದ್ದವು.

ಇದು ರೋಸರಿ ಚರ್ಚ್. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ್ದು. ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ಮಣ್ಣಿನ ಚಾವಣಿಯ ಭಾರ ಹೊರಲು ಗೋಡೆ ದಪ್ಪ, ಕಿಟಕಿ ಚಿಕ್ಕದು. ಇಲ್ಲಿ ಹಾಗಲ್ಲ. ಕಮಾನುಗಳು ತುದಿಯಲ್ಲಿ ಚೂಪಾಗಿವೆ. ಅರ್ಧವೃತ್ತದ ಕಮಾನು ಭಾರವನ್ನು ಪಕ್ಕಕ್ಕೆ ಹೆಚ್ಚು ತಳ್ಳುತ್ತದೆ. ಚೂಪು ಕಮಾನು ಅದನ್ನು ಹೆಚ್ಚಾಗಿ ಕೆಳಕ್ಕೆ ಇಳಿಸುತ್ತದೆ. ಅದರಿಂದಲೇ ಗೋಡೆಯನ್ನು ಎತ್ತರಕ್ಕೆ ಒಯ್ದು, ನಡುವೆ ದೊಡ್ಡ ಕಿಟಕಿ ಬಿಡಲು ಸಾಧ್ಯ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಅಲ್ಲಿನ ಜನ ಹೇಳುತ್ತಾರೆ.

ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಊರವರು ಬೇರೆಡೆಗೆ ಹೋದರು, ಪ್ರಾರ್ಥನೆ ನಿಂತಿತು, ಚರ್ಚ್ ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಅದರ ಮೇಲ್ಭಾಗವಷ್ಟೇ ನೀರಿನ ಮೇಲೆ ಕಾಣುತ್ತದೆ, ಬೇಸಿಗೆಯಲ್ಲಿ ಒಳಗೆ ನಡೆದಾಡಬಹುದು. ನೋಡುವವರಿಗೆ ಇದು ಚೆಂದ, ಕಟ್ಟಡಕ್ಕೆ ಕಂಟಕ. ಪ್ರತಿ ವರ್ಷ ನೆನೆದು ಒಣಗುವ ಗಾರೆ ಸಡಿಲಗೊಳ್ಳುತ್ತದೆ, ಸಂದಿಯಲ್ಲಿ ಗಿಡ ಬೇರು ಬಿಡುತ್ತದೆ. ಉಳಿದ ಕೆಲಸವನ್ನು ನಮ್ಮಂಥವರೇ ಮಾಡುತ್ತೇವೆ. ಕೈಗೆಟುಕುವ ಗೋಡೆಯ ಮೇಲೆಲ್ಲ ಹೃದಯದ ಚಿತ್ರ, ಜೋಡಿ ಹೆಸರುಗಳು. ಬಾಗಿಲ ಬಳಿ ಫೋಟೊಶೂಟ್ ನಡೆದಿತ್ತು.

ಹಾಗೆಂದು ಅಣೆಕಟ್ಟುಗಳನ್ನು ಬೈದು ಸುಮ್ಮನಾಗುವ ಹಾಗಿಲ್ಲ. ಮಲಪ್ರಭೆಯ ಕಾಲುವೆ ನೀರು ನಮ್ಮ ಭಾಗದ ಎಷ್ಟೋ ಹೊಲಗಳಿಗೆ ಹರಿದಿದೆ. ಧಾರವಾಡದ ಹಾಸ್ಟೆಲಿನಲ್ಲಿದ್ದು ನಾನು ಕುಡಿದದ್ದೂ ರೇಣುಕಾಸಾಗರದ ನೀರನ್ನೇ. ಅಜ್ಜಿಯ ಅಂಗಳದ ಮೇಲೆ ನಿಂತ ನೀರು ಅದು ಎಂಬುದು ಮಾತ್ರ ಅಂದು ಆ ಗೋಡೆಗಳ ನಡುವೆ ನಿಂತಾಗಲೇ ಹೊಳೆದದ್ದು. ಶೆಟ್ಟಿಹಳ್ಳಿಯವರಿಗೆ ‘ಇಲ್ಲಿ ನಮ್ಮೂರಿತ್ತು’ ಎಂದು ತೋರಿಸಲು ಒಂದು ಚರ್ಚ್ ಇದೆ. ಅಜ್ಜಿಗೆ ಇದ್ದದ್ದು ಅವಳ ಬೆರಳು ಮಾತ್ರ.

ಮನೆಗೆ ಬಂದವಳೇ ಹಳೆಯ ನೋಟ್‌ಬುಕ್ ಹಿಡಿದು ಅವಳ ಮುಂದೆ ಕುಳಿತೆ. ‘ಅಜ್ಜಿ, ನಿಮ್ಮೂರ ಅಗಸಿ ಯಾವ ಕಡೆ ಇತ್ತು?’ ಎಂದೆ. ಅಜ್ಜಿ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಗಸಿಯಿಂದ ಹಣಮಪ್ಪನ ಗುಡಿ, ಗುಡಿಯಿಂದ ಬಾವಿ, ಬಾವಿಯಿಂದ ತನ್ನ ಮನೆ, ಹೀಗೆ ಓಣಿ ಓಣಿ ನಡೆಸಿಕೊಂಡು ಹೋದಳು. ಗೆರೆ ಎಳೆಯುತ್ತ ಎಳೆಯುತ್ತ ನಾಲ್ಕು ಪುಟ ತುಂಬಿದವು. ‘ಇಷ್ಟು ದಿನಾ ಯಾರೂ ಕೇಳಿರ್ಲಿಲ್ಲ ನೋಡವಾ’ ಎಂದಳು.

ನಿಮ್ಮ ಮನೆಯಲ್ಲೂ ಇಂಥ ಊರೊಂದನ್ನು ಮನಸ್ಸಿನಲ್ಲಿಟ್ಟುಕೊಂಡ ಹಿರಿಯರಿರಬಹುದು. ಪರೀಕ್ಷೆಯ ಓದಿನ ನಡುವೆ ಒಂದು ಸಂಜೆ ಬಿಡುವು ಮಾಡಿಕೊಂಡು ಅವರನ್ನು ಕೇಳಿ. ಗೋಡೆಯ ಮೇಲೆ ನಮ್ಮ ಹೆಸರು ಕೆತ್ತುವುದಕ್ಕಿಂತ ಅವರ ಊರಿನ ಹೆಸರು ಬರೆದಿಡುವುದು ಮೇಲು.